ನರ್ಸಮ್ಮನ ನೈಟ್ ಡ್ಯೂಟಿ – 34: ನನ್ನ ಬೆಕ್ಕಿನ ಫೋಟೋ ನೋಡಿ ಬೆಕ್ಕು ತಗೋಬೇಡಿ

ಹೋದ ಸಲ ಇಂಗ್ಲೆಂಡಿನ ವಾರ್ಡ್‌ಗಳಲ್ಲಿ ಹ್ಯಾಂಡೋವರ್ ಹೇಗೆ ನಡೆಯುತ್ತೆ ಅಂತ ಬರೆದಿದ್ದೆ. ಈ ಸಲ ಔಷಧಿ ಲೆಕ್ಕದ ಬಗ್ಗೆ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು, ಕ್ಷಮಿಸಿ. ಯಾಕೆ ಅಂದ್ರೆ ಮೊನ್ನೆ ನೈಟ್ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳ ಮೆಸೇಜ್ ಬಂತು.

"ಅಕ್ಕಾ, ಗುಡ್ ನ್ಯೂಸ್! ನಾನೂ ಒಂದು ಮೇನ್ ಕೂನ್ ಬುಕ್ ಮಾಡ್ತಿದೀನಿ. ನಮ್ಮ ದೊರೆ ಥರಾನೇ ಇದೆ, ಅದೇ ಕೇಸರ. ಶನಿವಾರ ಅಡ್ವಾನ್ಸ್ ಕೊಡಬೇಕು. ಎಲ್ಲಾ ನಿನ್ನ ಪೋಸ್ಟ್‌ಗಳಿಂದಾನೇ!"

ಕೆಳಗೆ ಮರಿಯ ಫೋಟೋ. ಹತ್ತಿಯ ಉಂಡೆ ಥರ ಇತ್ತು, ಸುಳ್ಳು ಯಾಕೆ ಹೇಳಲಿ. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಬಸ್ ಬಂತು. ಆಮೇಲೆ ಅನ್ನಿಸ್ತು, ಇದನ್ನ ಅವಳೊಬ್ಬಳಿಗೇ ಹೇಳಿದ್ರೆ ಸಾಲದು. ನನ್ನ ಬೆಕ್ಕಿನ ಫೋಟೋಗೆ ಹಾರ್ಟ್ ಒತ್ತಿದವರು ನೂರಾರು ಜನ ಇದ್ದೀರಿ. ಅವರಲ್ಲಿ ಎಷ್ಟು ಜನ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದೀರೋ ನನಗೆ ಗೊತ್ತಿಲ್ಲ.

ಅದಕ್ಕೆ ನೇರವಾಗಿ ಹೇಳ್ತೀನಿ. ನನ್ನ ಫೋಟೋ ನೋಡಿ ಈ ಜಾತಿಯ ಬೆಕ್ಕು ತಗೋಬೇಡಿ. ತಗೋಳೋದೇ ಆದ್ರೆ, ನಾನು ತಗೊಂಡ ಹಾಗೆ ತಗೋಬೇಡಿ.

ಫೋಟೋದಲ್ಲಿ ಇದ್ದದ್ದು, ಇಲ್ಲದ್ದು

ನಮ್ಮ ದೊರೆಯನ್ನ ನೀವು ನೋಡಿದ್ದೀರಿ. ಎಂಟು ಕಿಲೋ ಇನ್ನೂರು ಗ್ರಾಂ. ಕಿವಿ ತುದಿಯಲ್ಲಿ ಕಾಡುಬೆಕ್ಕಿನ ಹಾಗೆ ಕೂದಲಿನ ಕುಚ್ಚು, ಕುತ್ತಿಗೆ ಸುತ್ತ ಸಿಂಹದ ಕೇಸರ, ಅಳಿಲಿನದಕ್ಕಿಂತ ದಪ್ಪ ಬಾಲ. ಕಿಟಕಿಯಲ್ಲಿ ಕೂತು ಹಿಮ ನೋಡೋ ಫೋಟೋ, ನನ್ನ ಮಗನ ಸ್ಕೂಲ್ ಬ್ಯಾಗಿನ ಮೇಲೆ ಮಲಗಿರೋ ಫೋಟೋ. ವೆಟ್ ಹತ್ತಿರ ಹೆಸರು ಬರೆಸಿದಾಗ ರಿಸೆಪ್ಷನ್‌ನಲ್ಲಿ ಅದನ್ನ "ಡೋರಿ" ಅಂತ ಬರ್ಕೊಂಡು, ಸಿನಿಮಾದ ಮೀನಿನ ಹೆಸರಾ ಅಂತ ಕೇಳಿದ ಕಥೆಗೆ ನೀವೆಲ್ಲ ನಕ್ಕಿದ್ದೀರಿ.

ಇದು ಅಮೆರಿಕದ ಮೇನ್ ರಾಜ್ಯದ ಬೆಕ್ಕು. 1985ರಿಂದ ಅದು ಆ ರಾಜ್ಯದ ಅಧಿಕೃತ ಬೆಕ್ಕು ಕೂಡ. ಅಲ್ಲಿಯ ಹಿಮಕ್ಕೆ ಹೊಂದಿಕೊಂಡ ಮೈ ಇದಕ್ಕೆ. ನೀರು ಬೇಗ ಇಳಿಯದ ಉದ್ದ ಕೂದಲು, ಬೆರಳುಗಳ ಮಧ್ಯೆ ಕೂಡ ಕೂದಲು, ಮಲಗಿದಾಗ ಮುಖಕ್ಕೆ ಹೊದ್ದುಕೊಳ್ಳೋ ಬಾಲ. ರಕೂನ್ ಪ್ರಾಣಿಗೂ ಬೆಕ್ಕಿಗೂ ಹುಟ್ಟಿದ್ದು ಅಂತ ಒಂದು ಕಥೆ ಓಡಾಡುತ್ತೆ. ಅದು ಆಗೋಕೆ ಸಾಧ್ಯವೇ ಇಲ್ಲ, ಎರಡೂ ಬೇರೆ ಬೇರೆ ಕುಟುಂಬದ ಪ್ರಾಣಿಗಳು. ಪೂರ್ತಿ ಬೆಳೆಯೋಕೆ ಮೂರು ನಾಲ್ಕು ವರ್ಷ ತಗೊಳ್ಳುತ್ತೆ. ಮಿಯಾಂವ್ ಅನ್ನೋದಕ್ಕಿಂತ ಹಕ್ಕಿ ಥರ ಚಿರ್ರ್ ಅನ್ನೋದೇ ಜಾಸ್ತಿ. ಸ್ವಭಾವ ಬಂಗಾರ. ಬಾತ್‌ರೂಮಿಗೆ ಹೋದ್ರೂ ಹಿಂದೆ ಬರುತ್ತೆ. ಇದೆಲ್ಲ ನಿಜ, ನಾನು ಹಾಕಿದ ಯಾವ ಫೋಟೋನೂ ಸುಳ್ಳಲ್ಲ.

ಆದ್ರೆ ಹಾಕದೇ ಇದ್ದ ಫೋಟೋಗಳೂ ಇವೆ. ಹೊಟ್ಟೆ, ಕಂಕುಳು ಪೂರ್ತಿ ಬೋಳಿಸಿಕೊಂಡು, ಕೋಳಿ ಪುಕ್ಕ ಕಿತ್ತ ಹಾಗೆ ಇದ್ದ ದೊರೆಯ ಫೋಟೋ ನನ್ನ ಫೋನಿನಲ್ಲಿದೆ. ಎದೆ ಸ್ಕ್ಯಾನ್ ಟೇಬಲ್ ಮೇಲೆ ಮಗ್ಗುಲಾಗಿ ಮಲಗಿಸಿದ್ದೂ ಇದೆ. ನಾಚಿಕೆಯಿಂದ ಹಾಕಿರಲಿಲ್ಲ.

ಕಾರ್ ಪಾರ್ಕಿನಲ್ಲಿ ಕೊಂಡ ಬೆಕ್ಕು

ನಾನು ಇಲ್ಲಿಗೆ ಬಂದಿದ್ದು 2020ರ ಜನವರಿ. ಎರಡು ತಿಂಗಳಲ್ಲಿ ಕೋವಿಡ್. ಇವರೂ ಮಗನೂ ಹಾಸನದಲ್ಲೇ ಸಿಕ್ಕಿಕೊಂಡರು. ಆ ವರ್ಷ ಹೇಗೆ ಕಳೆದೆ ಅಂತ ಈ ಸರಣಿಯ ಮೊದಲ ಕಂತುಗಳಲ್ಲಿ ಬರೆದಿದ್ದೀನಿ, ಮತ್ತೆ ಬರೆಯಲ್ಲ. ಡ್ಯೂಟಿ ಮುಗಿಸಿ ಬಾಗಿಲು ತೆಗೆದರೆ ಫ್ರಿಜ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ ಮನೆ. ಅಕ್ಟೋಬರಿನಲ್ಲಿ ಒಂದು ಜಾಹೀರಾತು ನೋಡಿದೆ. "ಮೇನ್ ಕೂನ್ ಮರಿ, ಗಂಡು, 900 ಪೌಂಡ್."

ಮಾರುವವನು "ಕೋವಿಡ್ ಅಲ್ವಾ, ಮನೆಗೆ ಯಾರನ್ನೂ ಸೇರಿಸ್ತಿಲ್ಲ" ಅಂದ. ಒಂದು ಕಾರ್ ಪಾರ್ಕಿನಲ್ಲಿ ಸಿಕ್ಕಿದ. ಡಿಕ್ಕಿಯಲ್ಲಿ ರಟ್ಟಿನ ಡಬ್ಬ, ಡಬ್ಬದಲ್ಲಿ ಮರಿ. ತಾಯಿ ಎಲ್ಲಿ ಅಂತ ನಾನು ಕೇಳಲಿಲ್ಲ. ಅಪ್ಪ ಅಮ್ಮನಿಗೆ ಏನಾದ್ರೂ ಪರೀಕ್ಷೆ ಮಾಡಿಸಿದ್ದೀರಾ ಅಂತಲೂ ಕೇಳಲಿಲ್ಲ. ದುಡ್ಡು ಎಣಿಸಿ ಕೊಟ್ಟೆ, ಡಬ್ಬ ಇಸ್ಕೊಂಡೆ. ಎಲ್ಲಾ ಸೇರಿ ಆರು ನಿಮಿಷ ಆಗಿರಬಹುದು.

ಆಸ್ಪತ್ರೆಯಲ್ಲಿ ಒಂದು ಬಾಟಲ್ ರಕ್ತ ಏರಿಸೋಕೆ ಮುಂಚೆ ಕೈಪಟ್ಟಿ ನೋಡಿ, ಹೆಸರು ಕೇಳಿ, ಹುಟ್ಟಿದ ದಿನ ಕೇಳಿ, ಬ್ಯಾಗಿನ ನಂಬರ್ ತಾಳೆ ನೋಡೋ ಹೆಂಗಸು ನಾನು. ಇನ್ನೊಂದು ಹತ್ತು ಹದಿನೈದು ವರ್ಷ ನನ್ನ ಜೊತೆ ಇರಬೇಕಾದ ಜೀವವನ್ನ ಮಾವಿನಹಣ್ಣಿನ ಬುಟ್ಟಿಗಿಂತ ಕಡಿಮೆ ವಿಚಾರಿಸಿ ತಂದೆ.

ಆಮೇಲೆ ತಿಳೀತು, ಇಂಗ್ಲೆಂಡಿನಲ್ಲಿ ಅದೇ ವರ್ಷ ಏಪ್ರಿಲ್ 6ರಿಂದ ಲೂಸಿ ಕಾನೂನು ಅಂತ ಕರೆಯೋ ನಿಯಮ ಬಂದಿತ್ತು. ಆರು ತಿಂಗಳ ಒಳಗಿನ ನಾಯಿಮರಿ, ಬೆಕ್ಕಿನಮರಿಗಳನ್ನ ಮಧ್ಯವರ್ತಿಗಳು ವ್ಯಾಪಾರಕ್ಕೆ ಮಾರೋ ಹಾಗಿಲ್ಲ. ಕೊಳ್ಳುವವರು ಮರಿ ಹುಟ್ಟಿದ ಜಾಗಕ್ಕೇ ಹೋಗಿ, ತಾಯಿಯ ಜೊತೆಗೇ ಅದನ್ನ ನೋಡಬೇಕು. ಮರಿ ಸಾಕಿದವನೇ ಮಾರಿದನೋ, ಮಧ್ಯವರ್ತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳೋ ಪ್ರಯತ್ನವನ್ನೇ ನಾನು ಮಾಡಲಿಲ್ಲ. ವಾರ ಆದಮೇಲೆ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ.

ಒಂಟಿತನ ಇದ್ದಾಗ ಬುದ್ಧಿ ಮಂಕಾಗುತ್ತೆ ಅನ್ನೋದು ಕಾರಣ ಇರಬಹುದು, ಆದ್ರೆ ನೆಪ ಆಗಬಾರದು.

ಸಿಕ್ಕು

ನಮ್ಮ ಕಡೆ ಬೆಕ್ಕನ್ನ ಕೊತ್ತಿ ಅಂತೀವಿ. ಅರಕಲಗೂಡಿನ ನಮ್ಮನೆಯಲ್ಲಿ ಯಾವಾಗಲೂ ಒಂದು ಕೊತ್ತಿ ಇರ್ತಿತ್ತು. ರಾಗಿ ಮೂಟೆ ಕಾಯೋದು ಅದರ ಕೆಲಸ, ಸಂಜೆ ಒಂದು ಹಿಡಿ ಹಾಲನ್ನ ಅದರ ಸಂಬಳ. ಅದಕ್ಕೆ ಯಾರೂ ಮೈ ಬಾಚಿದ್ದನ್ನ ನಾನು ನೋಡಿಲ್ಲ. ಬೆಕ್ಕು ತನ್ನ ಮೈ ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತೆ ಅನ್ನೋದು ನನ್ನ ತಲೆಯಲ್ಲಿತ್ತು. ಗಿಡ್ಡ ಕೂದಲಿನ ಕೊತ್ತಿಗೆ ಅದು ಸರಿ. ದೊರೆಯಂಥದ್ದಕ್ಕೆ ನಾಲಿಗೆ ಸಾಲದು.

2021ರ ಡಿಸೆಂಬರ್, ಓಮಿಕ್ರಾನ್ ಬಂದ ಚಳಿಗಾಲ. ಅಷ್ಟೊತ್ತಿಗೆ ಇವರೂ ಮಗನೂ ಬಂದಿದ್ದರು. ಇವರಿಗೆ ಗೋಡೌನ್ ಕೆಲಸ, ನನಗೆ ಎಕ್ಸ್‌ಟ್ರಾ ಶಿಫ್ಟ್. ಬಾಚಣಿಗೆ ಅಲ್ಮೇರಾ ಸೇರಿತು. ಮೇಲಿಂದ ನೋಡಿದರೆ ದೊರೆ ಚೆನ್ನಾಗೇ ಕಾಣ್ತಿದ್ದ. ಬೆನ್ನು ಹೊಳೀತಿತ್ತು. ಜನವರಿಯಲ್ಲಿ ಒಂದು ದಿನ ಎತ್ತಿಕೊಂಡಾಗ ಕಿರುಚಿ ಪರಚಿದ. ಕಂಕುಳಿಗೆ ಕೈ ಹಾಕಿದರೆ ಗಟ್ಟಿ ಗಂಟು, ಕಂಬಳಿಯ ತುಂಡಿನ ಹಾಗೆ. ಹೊಟ್ಟೆಯ ಕೆಳಗೆ, ತೊಡೆಯ ಹಿಂದೆ, ಕಿವಿಯ ಹಿಂದೆ ಎಲ್ಲಾ ಕಡೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಒಸಿ ಕೊಬ್ಬರಿ ಎಣ್ಣೆ ಹಚ್ಚಿ ಬಾಚೇ, ನಿನ್ನ ತಲೆ ಸಿಕ್ಕು ಹಂಗೇ ಅಲ್ವಾ ಬಿಡಿಸ್ತಿದ್ದಿದ್ದು" ಅಂದ್ರು. ನನ್ನ ತಲೆಗೆ ಅದು ಸರಿಯಾಗಿತ್ತು. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕಿ ನುಂಗುತ್ತೆ, ಹೊಟ್ಟೆ ಕೆಡುತ್ತೆ. ಕತ್ತರಿ ತಗೊಂಡೆ, ಪುಣ್ಯಕ್ಕೆ ಇವರು ತಡೆದರು. ಗಂಟನ್ನ ಎಳೆದಾಗ ಅದರ ಜೊತೆ ಚರ್ಮವೂ ಮೇಲೆ ಬಂದಿರುತ್ತೆ. ಕೂದಲು ಅಂದ್ಕೊಂಡು ಚರ್ಮ ಕತ್ತರಿಸಿ ಹೊಲಿಗೆ ಹಾಕಿಸಿಕೊಂಡು ಬರೋ ಬೆಕ್ಕುಗಳು ಎಷ್ಟೋ ಅಂತ ಆಮೇಲೆ ವೆಟ್ ಹೇಳಿದರು.

ವೆಟ್ ಮತ್ತು ಬರಿಸಿ ಮೆಷಿನ್ನಿನಲ್ಲಿ ಬೋಳಿಸಿದರು. ಗಂಟಿನ ಕೆಳಗಿನ ಚರ್ಮ ತೋರಿಸಿದರು. ಕೆಂಪಗೆ, ಒದ್ದೆಯಾಗಿ, ಒಂದು ಕಡೆ ಸಣ್ಣಗೆ ಹುಣ್ಣು. ನನಗೆ ಆ ಬಣ್ಣ ಗೊತ್ತು. ಹಾಸಿಗೆ ಹುಣ್ಣಿನ ಮೊದಲ ಹಂತ ಹಾಗೇ ಇರುತ್ತೆ. ಮಲಗಿದಲ್ಲೇ ಇರೋ ರೋಗಿಯನ್ನ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಹಿಮ್ಮಡಿ, ಸೊಂಟ ನೋಡಿ ಬರೆದಿಡೋದು ನನ್ನ ಕೆಲಸ. ಮನೆಯಲ್ಲಿ ದಿನಾ ಮಡಿಲಲ್ಲಿ ಮಲಗೋ ಪ್ರಾಣಿಯ ಹೊಟ್ಟೆ ಕಡೆ ಮೂರು ವಾರ ನೋಡಿರಲಿಲ್ಲ. ಅವತ್ತು ವೆಟ್ ಏನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅವತ್ತಿಂದ ನಿಯಮ: ಡ್ಯೂಟಿ ಇರಲಿ, ರಜೆ ಇರಲಿ, ದಿನಕ್ಕೆ ಹತ್ತು ನಿಮಿಷ. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ. ಬೆನ್ನು ಕೊನೆಗೆ, ಮೊದಲು ಕಂಕುಳು, ಹೊಟ್ಟೆ, ತೊಡೆ ಹಿಂದೆ, ಕಿವಿ ಹಿಂದೆ. ಬೆನ್ನು ಬಾಚೋದು ನಮ್ಮ ಸಮಾಧಾನಕ್ಕೆ, ಹೊಟ್ಟೆ ಬಾಚೋದು ಬೆಕ್ಕಿಗೆ. ಹತ್ತು ನಿಮಿಷ ಅಂದ್ರೆ ಏನು ಮಹಾ ಅಂತೀರಾ? ಹನ್ನೆರಡೂವರೆ ಗಂಟೆ ನಿಂತು ಬಂದ ಕಾಲಿನಲ್ಲಿ, ವಾರದ ಏಳೂ ದಿನ, ವರ್ಷದ ಎಲ್ಲಾ ದಿನ ಮಾಡಿ ನೋಡಿ.

ಎದೆ

ಈಗ ನಿಜವಾದ ವಿಷಯ. 2023ರ ಮಾರ್ಚಿನಲ್ಲಿ ವರ್ಷದ ಲಸಿಕೆಗೆ ಕರ್ಕೊಂಡು ಹೋದಾಗ ವೆಟ್ ಸ್ಟೆತ್ ಇಟ್ಟರು. ಸುಮ್ಮನಾದರು. ಮತ್ತೆ ಇಟ್ಟರು. ಆ ಎರಡನೇ ಸಲ ಇಡೋದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಎದೆಯಲ್ಲಿ ಮರ್ಮರ್ ಸದ್ದು. ಸ್ಕ್ಯಾನ್ ಆಯ್ತು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಬೆಕ್ಕುಗಳಿಗೆ ಬರೋ ಹೃದಯದ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಹೃದಯದ ಗೋಡೆ ದಪ್ಪ ಆಗಿ ಬಿಗಿದುಕೊಳ್ಳುತ್ತೆ, ಸಡಿಲಗೊಂಡು ರಕ್ತ ತುಂಬಿಸಿಕೊಳ್ಳೋಕೆ ಕಷ್ಟ ಪಡುತ್ತೆ. ಹಿಂದಿನ ಕೋಣೆ ಹಿಗ್ಗುತ್ತೆ. ಹಿಗ್ಗಿದ ಕೋಣೆಯಲ್ಲಿ ರಕ್ತ ನಿಧಾನವಾಗಿ ತಿರುಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಹೊರಟು ಹೋಗಿ ಹಿಂಗಾಲುಗಳ ರಕ್ತನಾಳಕ್ಕೆ ಸಿಕ್ಕಿಕೊಂಡರೆ, ಐದು ನಿಮಿಷದ ಹಿಂದೆ ಆಡ್ತಿದ್ದ ಬೆಕ್ಕು ಹಿಂಗಾಲು ಎಳ್ಕೊಂಡು ನೋವಿಗೆ ಕೂಗುತ್ತೆ. ಎಷ್ಟೋ ಮನೆಯಲ್ಲಿ ಅವತ್ತೇ ಮೊದಲ ಲಕ್ಷಣ, ಅವತ್ತೇ ಕೊನೆ.

ಮೇನ್ ಕೂನ್‌ಗಳಲ್ಲಿ ಈ ಕಾಯಿಲೆಗೆ ಸಂಬಂಧಪಟ್ಟ ಒಂದು ಜೀನ್ ದೋಷವನ್ನ ವಿಜ್ಞಾನಿಗಳು 2005ರಲ್ಲೇ ಗುರುತಿಸಿದ್ದರು. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಪರೀಕ್ಷೆ ಆಗುತ್ತೆ. ದೊರೆಗೆ ಮಾಡಿಸಿದೆವು. ಎರಡೂ ಪ್ರತಿ ಕೆಟ್ಟಿದ್ದವು. ಅಂದ್ರೆ ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಇಬ್ಬರಲ್ಲೂ ಆ ದೋಷ ಇತ್ತು. ಇವನು ಹುಟ್ಟೋಕೆ ಹದಿನೈದು ವರ್ಷ ಮುಂಚೆಯೇ ತಿಳಿದಿದ್ದ ವಿಷಯ. ಯಾರೋ ಒಬ್ಬರು ಒಂದು ಹತ್ತಿಕಡ್ಡಿಯ ಖರ್ಚು ಉಳಿಸಿದರು. ಆ ಉಳಿತಾಯಕ್ಕೆ ಕಾರ್ ಪಾರ್ಕಿನಲ್ಲಿ 900 ಪೌಂಡ್ ಕೊಟ್ಟವಳು ನಾನು. ನನ್ನಂಥವರು ಕೊಳ್ಳೋತನಕ ಅವರು ಮಾಡ್ತಾನೇ ಇರ್ತಾರೆ.

ಹಾಗಂತ ಜೀನ್ ಪರೀಕ್ಷೆ ಸರಿ ಇದ್ದರೆ ಗಂಡಾಂತರ ಕಳೀತು ಅಂತಲ್ಲ. ಆ ದೋಷ ಇಲ್ಲದ ಬೆಕ್ಕಿಗೂ ಈ ಕಾಯಿಲೆ ಬರಬಹುದು. ಮರ್ಮರ್ ಕೇಳಿಸದೆಯೂ ಇರಬಹುದು. ಅದಕ್ಕೇ ಒಳ್ಳೆ ಬ್ರೀಡರ್‌ಗಳು ತಾಯಿ ತಂದೆಗೆ ಜೀನ್ ಪರೀಕ್ಷೆಯ ಜೊತೆಗೆ ಕಾಲಕಾಲಕ್ಕೆ ಎದೆ ಸ್ಕ್ಯಾನ್ ಕೂಡ ಮಾಡಿಸ್ತಾರೆ, ಕೇಳಿದರೆ ಕಾಗದ ತೋರಿಸ್ತಾರೆ. ಕಾಗದ ಕೇಳಿದಾಗ ಮುಖ ಗಂಟಿಕ್ಕುವವರ ಹತ್ತಿರ ಮರಿ ಎಷ್ಟು ಮುದ್ದಾಗಿದ್ದರೂ ಎದ್ದು ಬನ್ನಿ.

ಈಗ ದೊರೆಗೆ ದಿನಾ ಕ್ಲೋಪಿಡೋಗ್ರೆಲ್. ವಾರ್ಡಿನಲ್ಲಿ ಹಾರ್ಟ್ ಪೇಷೆಂಟ್‌ಗಳಿಗೆ ಕೊಡೋ ಅದೇ 75 ಮಿಲಿಗ್ರಾಂ ಮಾತ್ರೆ, ಇವನಿಗೆ ವೆಟ್ ಬರೆದುಕೊಟ್ಟ ಪ್ರಕಾರ ಕಾಲು ಭಾಗ. ಹಾಗಲಕಾಯಿ ಸಿಹಿ ಅನ್ನಿಸೋಷ್ಟು ಕಹಿ. ಅದಕ್ಕೆ ಖಾಲಿ ಕ್ಯಾಪ್ಸೂಲಿನಲ್ಲಿ ತುಂಬಿ ನುಂಗಿಸ್ತೀನಿ.

ಮಲಗಿದಾಗ ಉಸಿರು ಎಣಿಸ್ತೀನಿ. ನಮ್ಮ ವಾರ್ಡಿನ ಚಾರ್ಟಿನಲ್ಲಿ ಮೊದಲ ಸಾಲೇ ಉಸಿರಾಟ. ಎಲ್ಲರೂ ಅಂದಾಜಿನಲ್ಲಿ 16 ಅಂತ ಬರೆದು ಮುಂದೆ ಹೋಗೋ ಸಾಲೂ ಅದೇ. ಆದ್ರೆ ಕೆಡೋದು ಮೊದಲು ಅಲ್ಲೇ ಕಾಣೋದು. ನಿದ್ದೆಯಲ್ಲಿರೋ ಬೆಕ್ಕಿನ ಉಸಿರು ನಿಮಿಷಕ್ಕೆ 30ರ ಒಳಗಿರಬೇಕು. ಅದಕ್ಕಿಂತ ಜಾಸ್ತಿ ಬರ್ತಾ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬ್ತಿರಬಹುದು, ತಡ ಮಾಡದೆ ವೆಟ್‌ಗೆ ಫೋನ್. ಗುರುಗುರು ಅಂತಿರುವಾಗ ಎಣಿಸೋಕಾಗಲ್ಲ, ಗಾಢ ನಿದ್ದೆ ಬರೋತನಕ ಕಾಯಬೇಕು. ನನ್ನ ಮಗನಿಗೆ ಈಗ ಹತ್ತು ವರ್ಷ. ನಾನು ನೈಟ್ ಇದ್ದಾಗ ಅವನೇ ಎಣಿಸಿ, ಫ್ರಿಜ್ ಮೇಲಿನ ಹಾಳೆಯಲ್ಲಿ ಬರೀತಾನೆ.

ದುಡ್ಡಿನ ಮಾತು

ಇಲ್ಲಿ ಮನುಷ್ಯರಿಗೆ ಎನ್‌ಎಚ್‌ಎಸ್ ಇದೆ. ಬೆಕ್ಕಿಗೆ ಇಲ್ಲ. ಎದೆ ಸ್ಕ್ಯಾನ್‌ಗೆ ನನಗೆ ಬಿದ್ದದ್ದು 480 ಪೌಂಡ್. ಆರು ತಿಂಗಳಿಗೊಮ್ಮೆ ಮತ್ತೆ ನೋಡಿಸಬೇಕು. ಇನ್ಶೂರೆನ್ಸ್ ಮೊದಲ ವರ್ಷ ಮಾಡಿಸಿದ್ದೆ, ದುಡ್ಡು ದಂಡ ಅಂತ ನಿಲ್ಲಿಸಿದ್ದೆ. ಕಾಯಿಲೆ ಗೊತ್ತಾದ ಮೇಲೆ ವಿಚಾರಿಸಿದರೆ, ಮೊದಲೇ ಇದ್ದ ಕಾಯಿಲೆಗೆ ಕೊಡಲ್ಲ ಅಂದರು. ಸರಿಯಾದ ಮಾತೇ. ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡೋಕೆ ಹೋದವಳು ನಾನು. ಬಡವರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡೋ ಪಿಡಿಎಸ್‌ಎ ಥರದ ಧರ್ಮಸಂಸ್ಥೆಗಳಿವೆ. ಆದ್ರೆ ಅದು ಸರ್ಕಾರಿ ಭತ್ಯೆ ಮೇಲೆ ಬದುಕೋರಿಗೆ. ನಮ್ಮಂಥ ಸಂಬಳದವರು ಕೈಯಿಂದಲೇ ಕೊಡಬೇಕು.

ಹೊಸದಾಗಿ ಬಂದಿರೋ ನರ್ಸ್‌ಗಳು ಇದನ್ನ ಓದ್ತಿದ್ದರೆ ಕೇಳಿಸ್ಕೊಳ್ಳಿ. ಮೊದಲ ವರ್ಷ ನಿಮ್ಮ ಸಂಬಳದಲ್ಲಿ ಊರಿನ ಸಾಲದ ಕಂತು, ಮನೆ ಬಾಡಿಗೆ, ಕೋರ್ಸ್ ಫೀಸು ಹೋಗಿ ಉಳಿಯೋದು ಎಷ್ಟು ಅಂತ ನನಗೂ ಗೊತ್ತು. ಆ ಉಳಿದದ್ದರಲ್ಲಿ ಒಂದು ಹೃದಯರೋಗಿ ಸಾಕೋಕಾಗುತ್ತಾ ಅಂತ ಕೇಳ್ಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇಸ್ಕೊಳ್ಳಿ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕಿಗೆ 20 ವಾರ ತುಂಬೋದ್ರೊಳಗೆ ಮೈಕ್ರೋಚಿಪ್ ಕಡ್ಡಾಯ. ಹಾಕಿಸದೆ ಸಿಕ್ಕಿಬಿದ್ದು, ಗಡುವಿನೊಳಗೂ ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ.

"ಅಮ್ಮನ ಬಿಪಿ ಎಷ್ಟು?"

ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಫ್ರಿಜ್ ಮೇಲಿನ ಉಸಿರಿನ ಚಾರ್ಟನ್ನ ಒಂದು ಸಲ ಇಲ್ಲಿ ಹಾಕಿದ್ದೆ, ನೆನಪಿರಬಹುದು. ಎಲ್ಲರೂ ಮೆಚ್ಚಿದರು. ನಮ್ಮ ಸೋದರಮಾವ ಮಾತ್ರ ಫೋನ್ ಮಾಡಿ ಕೇಳಿದರು, "ಕೊತ್ತಿ ಉಸಿರು ಎಣಿಸ್ತೀಯಲ್ಲ ಮಗಾ, ಸಂತೋಷ. ನಿಮ್ಮವ್ವನ ಬಿಪಿ ಎಷ್ಟು ಅಂತ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಆ ತಿಂಗಳು ಕೇಳೇ ಇರಲಿಲ್ಲ.

ಸಿಟ್ಟು ಬಂತು. ತಿಂಗಳಾ ದುಡ್ಡು ಕಳಿಸೋಳು ನಾನು, ಅಂತ ಹೇಳೋಕೆ ಬಾಯಿ ತೆರೆದೆ, ಮುಚ್ಚಿದೆ. ಯಾಕೆಂದರೆ ಅವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ನನಗೆ ಗೊತ್ತಿತ್ತು. 2023ರ ಏಪ್ರಿಲ್‌ನಲ್ಲಿ ನಾಲ್ಕು ವಾರ ಊರಿಗೆ ಬರಬೇಕಾಗಿತ್ತು. ದೊರೆಗೆ ಆಗಷ್ಟೇ ಕಾಯಿಲೆ ಗೊತ್ತಾಗಿತ್ತು. ಮಾತ್ರೆ ನುಂಗಿಸೋಕೆ ಬರೋ ಜನ ಸಿಗಲಿಲ್ಲ. ಎರಡೇ ವಾರಕ್ಕೆ ವಾಪಸ್ ಹೊರಟೆ. ಅಮ್ಮನಿಗೆ "ರಜೆ ಸಿಗಲಿಲ್ಲ" ಅಂದೆ. ಅಮ್ಮ ಏನೂ ಕೇಳಲಿಲ್ಲ. ಚಟ್ನಿಪುಡಿ ಕಟ್ಟಿಕೊಟ್ಟರು, ನಾಲ್ಕು ವಾರಕ್ಕೆ ಅಂತ ಮಾಡಿದ್ದ ಹಪ್ಪಳದ ಡಬ್ಬ ಹಾಗೇ ನನ್ನ ಬ್ಯಾಗಿಗೆ ಇಟ್ಟರು. ಅಮ್ಮ ಈ ಸರಣಿ ಓದ್ತಾರೆ, ಪಕ್ಕದ ಮನೆ ಹುಡುಗಿ ಓದಿ ಹೇಳ್ತಾಳೆ. ಅಮ್ಮಾ, ರಜೆ ಇತ್ತು. ತಪ್ಪಾಯ್ತು.

ವಿದೇಶದಲ್ಲಿ ಪ್ರಾಣಿ ಸಾಕೋ ನಮ್ಮ ಜನ ಒಂದು ಮಾತು ಹೇಳ್ತಾರೆ, ನಾನೂ ಹೇಳ್ತಿದ್ದೆ: ಪ್ರೀತಿ ಹಂಚಿದರೆ ಕಡಿಮೆ ಆಗಲ್ಲ ಅಂತ. ಪ್ರೀತಿಯ ಮಟ್ಟಿಗೆ ನಿಜ. ಆದ್ರೆ ರಜೆ ಹಂಚಿದರೆ ಕಡಿಮೆ ಆಗುತ್ತೆ. ದುಡ್ಡು, ನಿದ್ದೆ, ಭಾನುವಾರದ ಬೆಳಗ್ಗೆ ಎಲ್ಲವೂ ಕಡಿಮೆ ಆಗುತ್ತೆ. ನಮ್ಮಂಥವರಿಗೆ, ಏಳೆಂಟು ಸಾವಿರ ಕಿಲೋಮೀಟರ್ ಆಚೆ ಅಪ್ಪ ಅಮ್ಮ ಇರೋರಿಗೆ, ಅದು ಮೊದಲೇ ಕಡಿಮೆ. ಈ ಲೆಕ್ಕ ಹಾಕದೆ ಬೆಕ್ಕು ತರೋದು ಬೆಕ್ಕಿಗೂ ಅನ್ಯಾಯ, ಮನೆಯವರಿಗೂ ಅನ್ಯಾಯ.

ಹಾಗಂತ ಮಾವನ ಮಾತಿನ ಹಿಂದಿನ ಮಾತನ್ನ, ಅಂದ್ರೆ ಪ್ರಾಣಿಗೆ ಇಷ್ಟೆಲ್ಲ ಯಾಕೆ ಅನ್ನೋದನ್ನ, ನಾನು ಒಪ್ಪಲ್ಲ. ಇವನನ್ನ ತಂದದ್ದು ನಾನು. ತಂದಮೇಲೆ ಇವನ ಉಸಿರು ಎಣಿಸೋದು ಔದಾರ್ಯ ಅಲ್ಲ, ಸಾಲ ತೀರಿಸೋದು. ಆದ್ರೆ ಮಾವ ಚುಚ್ಚಿದ್ದರಿಂದ ಒಳ್ಳೇದೇ ಆಯ್ತು. ಈಗ ಭಾನುವಾರ ಭಾನುವಾರ ಪಕ್ಕದ ಮನೆ ಹುಡುಗಿ ಮೆಷಿನ್ ಹಿಡ್ಕೊಂಡು ಹೋಗಿ ಅಮ್ಮನ ಬಿಪಿ ನೋಡಿ ಕಳಿಸ್ತಾಳೆ. ಫ್ರಿಜ್ ಮೇಲೆ ಈಗ ಎರಡು ಹಾಳೆ. ಮತ್ತೆ ಊರಿಗೆ ಹೋಗುವಾಗ ದೊರೆಯನ್ನ ನೋಡ್ಕೊಳ್ಳೋಕೆ ನಮ್ಮದೇ ವಾರ್ಡಿನ ಕೇರಳದ ಹುಡುಗಿಯೊಬ್ಬಳಿಗೆ ಮಾತ್ರೆ ಕೊಡೋದು ಕಲಿಸಿದ್ದೀನಿ. ಆ ವ್ಯವಸ್ಥೆಯನ್ನ ಬೆಕ್ಕು ತರೋ ಮುಂಚೆ ಮಾಡಬೇಕಿತ್ತು.

ನಮ್ಮ ಮನೆಗಳಲ್ಲಿರೋ ವಿಷ

ಈಗಾಗಲೇ ಬೆಕ್ಕು ಇರೋರಿಗೆ, ಯಾವ ಜಾತಿಯದ್ದೇ ಆಗಲಿ, ಇಷ್ಟು ನೆನಪಿರಲಿ.

ಪ್ಯಾರಸಿಟಮಾಲ್: ನಮ್ಮ ಮನೆಗಳಲ್ಲಿ ಮಗುವಿಗೆ ಜ್ವರ ಬಂದ್ರೂ ಅದೇ, ಬೆಕ್ಕು ಸಪ್ಪಗಿದ್ರೂ "ಕಾಲು ಮಾತ್ರೆ ಹಾಕು" ಅನ್ನೋದು ಅದೇ. ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಇಲ್ಲ. ಒಂದು 500 ಮಿಲಿಗ್ರಾಂ ಮಾತ್ರೆ ಸಾಯಿಸೋಕೆ ಸಾಕು.

ಲಿಲ್ಲಿ ಹೂವು: ನರ್ಸ್‌ಗಳಿಗೆ ಥ್ಯಾಂಕ್ಸ್ ಅಂತ ಹೂಗುಚ್ಛ ಕೊಡ್ತಾರಲ್ಲ, ಅದರಲ್ಲಿ ಇದು ಇದ್ದೇ ಇರುತ್ತೆ. ಎಲೆ, ಹೂವು, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಕಿಡ್ನಿ ಕೆಡಿಸುತ್ತೆ. ಉದ್ದ ಕೂದಲಿನ ಬೆಕ್ಕಿಗೆ ಅಪಾಯ ಇನ್ನೂ ಜಾಸ್ತಿ. ಪಕ್ಕದಲ್ಲಿ ಹಾದು ಹೋದಾಗ ಪರಾಗ ಕೂದಲಿಗೆ ಅಂಟುತ್ತೆ, ಆಮೇಲೆ ಅದನ್ನೇ ನೆಕ್ಕುತ್ತೆ. ಹೂಗುಚ್ಛ ಮನೆಗೆ ತರಲೇಬೇಡಿ.

ಈರುಳ್ಳಿ, ಬೆಳ್ಳುಳ್ಳಿ: ಸಾರನ್ನ, ಕೋಳಿ ಸಾರಿನ ತುಂಡು ಹಾಕಬೇಡಿ. ರಕ್ತಕಣ ಒಡೆಯುತ್ತೆ. ನಾಯಿಗೆ ಅಂತ ಬರೋ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಹತ್ತಿರಕ್ಕೂ ತರಬೇಡಿ.

ಹಾಗಾದ್ರೆ ಯಾರೂ ಸಾಕಬಾರದಾ?

ಹಾಗಲ್ಲ. ನಮ್ಮ ಆಸ್ಪತ್ರೆಯ ಒಬ್ಬ ಹಿರಿಯ ಸಹೋದ್ಯೋಗಿ ನನಗಿಂತ ಖಾರವಾಗಿ ಹೇಳ್ತಾರೆ: ಚಂದಕ್ಕೆ ಅಂತ ಜಾತಿ ಬೆಕ್ಕು ಹುಟ್ಟಿಸೋದೇ ತಪ್ಪು, ಯಾರೂ ಕೊಳ್ಳಬಾರದು ಅಂತ. ನಾನು ಅಷ್ಟು ದೂರ ಹೋಗಲ್ಲ. ಪರೀಕ್ಷೆ ಮಾಡಿಸಿ, ಕಾಯಿಲೆ ಇರೋದನ್ನ ಸಂತಾನದಿಂದ ಬಿಟ್ಟು, ಮರಿಯನ್ನ ತಾಯಿ ಜೊತೆ ತೋರಿಸಿ ಕೊಡೋ ಪ್ರಾಮಾಣಿಕ ಜನರೂ ಇದ್ದಾರೆ. ಅವರಿಂದಲೇ ಈ ತಳಿಯ ಹೃದಯ ಸುಧಾರಿಸಬೇಕು. ನಮ್ಮಂಥವರು ಕಾರ್ ಪಾರ್ಕಿನಲ್ಲಿ ಕೊಂಡಷ್ಟೂ ಅವರ ಕಸುಬು ಹಾಳಾಗುತ್ತೆ.

ಇನ್ನೊಂದು ದಾರಿ, ಬೆಳೆದ ಬೆಕ್ಕನ್ನ ತರೋದು. ಇಲ್ಲಿ ಕ್ಯಾಟ್ಸ್ ಪ್ರೊಟೆಕ್ಷನ್, ಆರ್‌ಎಸ್‌ಪಿಸಿಎ, ಬ್ಲೂ ಕ್ರಾಸ್ ಇವೆ. ಮರಿಯಾಗಿದ್ದಾಗ ಮುದ್ದಾಡಿ, ಬೆಳೆದು ಕೂದಲು ಸಿಕ್ಕಾದಾಗ ಬಿಟ್ಟುಹೋದವರ ಬೆಕ್ಕುಗಳೂ ಅಲ್ಲಿಗೆ ಬರ್ತವೆ. ಬೆಳೆದ ಬೆಕ್ಕಿನ ಸ್ವಭಾವ, ಆರೋಗ್ಯ ಎರಡೂ ಆಗಲೇ ಒಂದಿಷ್ಟು ಗೊತ್ತಿರುತ್ತೆ. ನೈಟ್ ಶಿಫ್ಟ್ ಮಾಡೋರಿಗೆ ಮರಿಗಿಂತ ಅದೇ ವಾಸಿ.

ಈಗ ನನ್ನ ತಂಗಿಗೆ. ಪುಟ್ಟಿ, ನೀನು ಇರೋದು ಬೆಂಗಳೂರಿನ ಮೂರನೇ ಮಹಡಿ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದಾಗ ನೀನೇ ನೆಲದ ಮೇಲೆ ಮಲಗ್ತೀಯ. ಹಿಮಕ್ಕೆ ಹುಟ್ಟಿದ ಕೋಟು ಹಾಕಿರೋ ಪ್ರಾಣಿ ಅದನ್ನ ಬಿಚ್ಚಿಡೋಕಾಗಲ್ಲ. ನಿನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಪಕ್ಕದ ಹಾಲಿನ ಬೂತಿನ ಹತ್ತಿರ ವರ್ಷಕ್ಕೆ ಎಷ್ಟು ಮರಿ ಹುಟ್ತವೆ ಅಂತ ನೀನೇ ಹೇಳಿದ್ದೆ. ಕ್ಯೂಪಾದಂಥ ಸಂಸ್ಥೆಗಳಿವೆ, ಹೋಗಿ ನೋಡು. ನಮ್ಮ ಗಿಡ್ಡ ಕೂದಲಿನ ಕೊತ್ತಿಗೆ ಬೆಂಗಳೂರಿನ ಬಿಸಿಲೂ ಗೊತ್ತು, ನಮ್ಮ ಮನೆಯ ಗದ್ದಲವೂ ಗೊತ್ತು.

ಇಲ್ಲ, ನನಗೆ ಇದೇ ಬೇಕು ಅಂದ್ರೆ, ಶನಿವಾರ ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ಕೇಳು. ತಾಯಿ ಬೆಕ್ಕನ್ನ ಕಣ್ಣಾರೆ ನೋಡಬಹುದಾ? ತಾಯಿ ತಂದೆಯ ಜೀನ್ ಪರೀಕ್ಷೆ, ಎದೆ ಸ್ಕ್ಯಾನ್ ಕಾಗದ ಎಲ್ಲಿ? ನಿನ್ನ ಹತ್ತಿರದಲ್ಲಿ ಬೆಕ್ಕಿನ ಎದೆ ಸ್ಕ್ಯಾನ್ ಮಾಡೋ ಡಾಕ್ಟರ್ ಯಾರು? ನೀನು ಊರಿಗೆ ಹೋದಾಗ ದಿನಾ ಹತ್ತು ನಿಮಿಷ ಬಾಚೋರು ಯಾರು? ನಿನಗೆ ಮದುವೆ ಆಗಿ, ಆ ಮನೆಯಲ್ಲಿ ಬೆಕ್ಕು ಬೇಡ ಅಂದ್ರೆ ಏನು ಮಾಡ್ತೀಯ? ಐದಕ್ಕೂ ಉತ್ತರ ಇದ್ದರೆ ನಾನೇ ಮೊದಲ ಬಾಚಣಿಗೆ ಕಳಿಸ್ತೀನಿ. ಒಂದಕ್ಕೆ ಇಲ್ಲದಿದ್ದರೂ ಅಡ್ವಾನ್ಸ್ ಕೊಡಬೇಡ.

ಸಿಟ್ಟಾಗಬೇಡ. ನನಗೆ 2020ರಲ್ಲಿ ಈ ಐದು ಪ್ರಶ್ನೆ ಕೇಳೋರು ಯಾರೂ ಇರಲಿಲ್ಲ. ಇದ್ದಿದ್ದರೆ ದೊರೆ ನನ್ನ ಮನೆಗೆ ಬರ್ತಾ ಇರಲಿಲ್ಲ. ಅದನ್ನ ಬರೆಯುವಾಗ ಎದೆ ಹಿಂಡುತ್ತೆ, ಯಾಕಂದ್ರೆ ಅವನು ಈಗ ನನ್ನ ಕಾಲ ಮೇಲೇ ಮಲಗಿದ್ದಾನೆ.

ಇವತ್ತಿನ ಲೆಕ್ಕ: ದೊರೆಯ ಉಸಿರು 22. ಅಮ್ಮನ ಬಿಪಿ 138/84. ಎರಡೂ ಪರವಾಗಿಲ್ಲ. ನಾನು ಮಲಗ್ತೀನಿ, ಸಂಜೆ ಮತ್ತೆ ಡ್ಯೂಟಿ.

ನಿಮ್ಮಲ್ಲಿ ಯಾರಾದ್ರೂ ಬೆಕ್ಕು ಬುಕ್ ಮಾಡಿದ್ದರೆ, ಮಾಡೋ ಯೋಚನೆ ಇದ್ದರೆ, ಕಾಮೆಂಟಿನಲ್ಲಿ ಕೇಳಿ. ಬಯ್ಯಲ್ಲ. ಮುಂದಿನ ವಾರ ಖಂಡಿತ ಔಷಧಿ ಲೆಕ್ಕ.